ಲೀಗ್‌ನಲ್ಲಿ ಪಾಯಿಂಟ್ ಸಮ ಆದರೆ ಕಪ್ ಇಬ್ಬರಿಗೂ ಕೊಡಬಹುದಾ? ಸ್ಕಾಟ್ಲೆಂಡಿನ 1891ರ ಕಥೆ ಗೊತ್ತಿದ್ದವರು ಹೇಳಿ

ಗದ್ದೆಬಯಲು:

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ ಒಂದು ಹಳ್ಳಿ. ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ ಗದ್ದೆಯಲ್ಲೇ ಫುಟ್‌ಬಾಲ್ ಆಡಿಸುತ್ತೇವೆ. ಇಷ್ಟು ವರ್ಷ ನಾಕೌಟ್ ಇತ್ತು, ಸೋತವರು ಅವತ್ತೇ ಮನೆಗೆ. ಅಷ್ಟು ದೂರದಿಂದ ಜೀಪು ಮಾಡಿಕೊಂಡು ಬಂದ ಹುಡುಗರು ಒಂದೇ ಪಂದ್ಯ ಆಡಿ ವಾಪಸ್ ಹೋಗೋದು ನೋಡಿ ಬೇಜಾರಾಗುತ್ತಿತ್ತು. ಅದಕ್ಕೆ ಈ ವರ್ಷ ಮೊದಲ ಸಲ ಲೀಗ್ ಮಾಡಿದೆವು. ಆರು ತಂಡ, ಎಲ್ಲರೂ ಎಲ್ಲರ ಜೊತೆ ಎರಡೆರಡು ಸಲ, ಅಂದರೆ ತಂಡಕ್ಕೆ 10 ಪಂದ್ಯ. ಫೆಬ್ರವರಿಯಿಂದ ಭಾನುವಾರ ಭಾನುವಾರ ಆಡಿಸಿಕೊಂಡು ಬಂದೆವು.

ಕೊನೆಗೆ ನಮ್ಮ ತಂಡಕ್ಕೂ ಹೊಳೆಯಾಚೆ ತಂಡಕ್ಕೂ 22 ಪಾಯಿಂಟ್. ಹೀಗಾಗಬಹುದು ಅಂತ ನಮಗೆ ಹೊಳೆದೇ ಇರಲಿಲ್ಲ. ಕರಪತ್ರದಲ್ಲಿ ಎಂಟ್ರಿ ಫೀ, ಬಹುಮಾನ, ಊಟದ ವ್ಯವಸ್ಥೆ ಎಲ್ಲ ಬರೆದಿದ್ದೆವು. ಪಾಯಿಂಟ್ ಸಮ ಆದರೆ ಏನು ಅಂತ ಒಂದು ಸಾಲೂ ಇಲ್ಲ. ಕಳೆದ ಭಾನುವಾರ ಇಬ್ಬರ ನಡುವೆ ಇನ್ನೊಂದು ಪಂದ್ಯ ಇಟ್ಟೆವು. 1-1 ಇತ್ತು, ಹತ್ತು ನಿಮಿಷ ಬಾಕಿ ಇತ್ತು, ಅಷ್ಟರಲ್ಲಿ ಗುಡುಗು ಮಳೆ ಹೊಡೆಯಿತು ನೋಡಿ, ಚೆಂಡು ನೀರಲ್ಲಿ ತೇಲುವ ಹಾಗಾಯಿತು, ರೆಫರಿ ನಿಲ್ಲಿಸಿದರು. ಮತ್ತೆ ಆಡಿಸೋಣ ಅಂದರೆ ಗದ್ದೆಯವರು ಈ ವಾರ ಟಿಲ್ಲರ್ ಇಳಿಸಬೇಕು. ಇಷ್ಟು ದಿನ ಬಿಟ್ಟುಕೊಟ್ಟಿದ್ದೇ ದೊಡ್ಡದು, ಇನ್ನೂ ಕೇಳೋಕೆ ಮನಸ್ಸು ಬರಲ್ಲ.

ಈಗ ಮೂರು ಮಾತು ಎದ್ದಿದೆ. ಟಾಸ್ ಹಾಕಿ ಅಂತ ಕೆಲವರು. ಶಾಲೆ ಮೈದಾನದಲ್ಲಿ ಪೆನಾಲ್ಟಿ ಹೊಡೆಸಿ ಅಂತ ಇನ್ನು ಕೆಲವರು. ನಮ್ಮೂರಿನ ಒಬ್ಬ ಹಿರಿಯರು ಮಾತ್ರ, ಸ್ಕಾಟ್ಲೆಂಡಿನಲ್ಲಿ ಮೊಟ್ಟಮೊದಲ ಲೀಗ್‌ನಲ್ಲೇ ಹೀಗಾಗಿ ಇಬ್ಬರನ್ನೂ ಚಾಂಪಿಯನ್ ಅಂದಿದ್ದರು, ಹಂಚಿಕೊಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ ಅಂದರು. ಹೊಳೆಯಾಚೆಯವರು ಇದು ನಾವು ಕಟ್ಟಿದ ಕಥೆ ಅನ್ನುತ್ತಿದ್ದಾರೆ. ನಿಜವಾ? ಹೇಗೆ ಆಯ್ತು, ಯಾರು ಯಾರು ಆಡಿದ್ದು, ಸ್ವಲ್ಪ ವಿವರವಾಗಿ ತಿಳಿಸಿ. ಬರುವ ಭಾನುವಾರ ಎರಡೂ ಊರಿನವರು ಕೂರುತ್ತೇವೆ.

ಹಳೇ ಸ್ಕೋರ್‌ಬುಕ್:

ನಿಮ್ಮ ಹಿರಿಯರು ಹೇಳಿದ್ದು ಪೂರ್ತಿ ನಿಜ. ಅವರಿಗೆ ನನ್ನ ನಮಸ್ಕಾರ ಹೇಳಿ. ನಾನು ಶಿವಮೊಗ್ಗದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಆಟ ಹೇಳಿಕೊಟ್ಟವನು. ಹಳೇ ಫುಟ್‌ಬಾಲ್ ಓದೋದು ನನಗೆ ಊಟದಷ್ಟೇ ಇಷ್ಟ, ಅದಕ್ಕೆ ಸ್ವಲ್ಪ ಉದ್ದ ಆದೀತು.

1890-91 ಸ್ಕಾಟಿಷ್ ಲೀಗಿನ ಮೊದಲ ವರ್ಷ. ಅದಕ್ಕೆ ಮುಂಚೆ ಅಲ್ಲಿ ಇದ್ದದ್ದು ಮುಖ್ಯವಾಗಿ ಸ್ಕಾಟಿಷ್ ಕಪ್, ಅದು 1873-74ರಲ್ಲಿ ಶುರುವಾದ ನಾಕೌಟ್. ಕಪ್‌ನಿಂದ ಬೇಗ ಹೊರಬಿದ್ದರೆ ಉಳಿದ ವರ್ಷ ಸ್ನೇಹದ ಪಂದ್ಯ ಆಡಿಕೊಂಡು ಇರಬೇಕು. ನೀವು ನಾಕೌಟ್ ಬಿಟ್ಟಿದ್ದೂ ಅದೇ ಕಾರಣಕ್ಕೆ ಅಲ್ವಾ? ಇಂಗ್ಲೆಂಡಿನಲ್ಲಿ 1888ರಲ್ಲೇ ಲೀಗ್ ಶುರುವಾಗಿತ್ತು. ಅದನ್ನು ಕಟ್ಟಿದ ವಿಲಿಯಂ ಮೆಕ್‌ಗ್ರೆಗರ್ ಸ್ಕಾಟ್ಲೆಂಡಿನ ಪರ್ತ್‌ಶೈರ್ ಕಡೆಯವರು, ಬರ್ಮಿಂಗ್‌ಹ್ಯಾಮಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದರು. ಆ ಲೀಗ್‌ನ ಮೊದಲ ವರ್ಷ ಒಂದೂ ಪಂದ್ಯ ಸೋಲದೆ ಗೆದ್ದ ಪ್ರೆಸ್ಟನ್ ತಂಡದಲ್ಲೂ ಸ್ಕಾಟ್ಲೆಂಡಿನ ಹುಡುಗರು ಜಾಸ್ತಿ ಇದ್ದರು. ತಮ್ಮ ಹುಡುಗರೆಲ್ಲ ಗಡಿ ದಾಟಿ ಹೋಗುತ್ತಿದ್ದಾರೆ, ನಾವೂ ಒಂದು ಲೀಗ್ ಮಾಡದಿದ್ದರೆ ಆಗಲ್ಲ ಅಂತ ಅಲ್ಲಿನ ಕ್ಲಬ್ಬುಗಳಿಗೆ ಅನ್ನಿಸಿತು.

1890ರ ಆಗಸ್ಟ್ 16, ಶನಿವಾರ ಆಟ ಶುರು. 11 ತಂಡ: ಅಬರ್‌ಕಾರ್ನ್, ಕ್ಯಾಂಬಸ್‌ಲ್ಯಾಂಗ್, ಸೆಲ್ಟಿಕ್, ಕೌಲೇರ್ಸ್, ಡಂಬಾರ್ಟನ್, ಹಾರ್ಟ್ಸ್, ರೇಂಜರ್ಸ್, ರೆಂಟನ್, ಸೇಂಟ್ ಮಿರೆನ್, ಥರ್ಡ್ ಲಾನಾರ್ಕ್, ವೇಲ್ ಆಫ್ ಲೆವೆನ್. ಐದು ಪಂದ್ಯ ಆಡುವಷ್ಟರಲ್ಲಿ ರೆಂಟನ್ ತಂಡವನ್ನು ಹೊರಗೆ ಹಾಕಿದರು, ಅವರ ಫಲಿತಾಂಶಗಳನ್ನೆಲ್ಲ ಅಳಿಸಿದರು. ಉಳಿದದ್ದು 10 ತಂಡ, ತಲಾ 18 ಪಂದ್ಯ. ಗೆದ್ದರೆ 2 ಪಾಯಿಂಟ್, ಸಮ ಆದರೆ 1.

ಕೊನೆಗೆ ಡಂಬಾರ್ಟನ್ 13 ಗೆಲುವು, 3 ಡ್ರಾ, 2 ಸೋಲು. ರೇಂಜರ್ಸ್ ಕೂಡ 13 ಗೆಲುವು, 3 ಡ್ರಾ, 2 ಸೋಲು. ಇಬ್ಬರಿಗೂ 29. ನಿಮ್ಮ ಹಾಗೇ ಅವರ ನಿಯಮದಲ್ಲೂ ಇದಕ್ಕೆ ದಾರಿ ಇರಲಿಲ್ಲ. ಹಾಗಾಗಿ 1891ರ ಮೇ 21ಕ್ಕೆ ಗ್ಲಾಸ್ಗೋದ ಕ್ಯಾಥ್‌ಕಿನ್ ಪಾರ್ಕ್‌ನಲ್ಲಿ ಇನ್ನೊಂದು ಪಂದ್ಯ ಇಟ್ಟರು. ಅದು ಇಬ್ಬರ ಮೈದಾನವೂ ಅಲ್ಲ, ಥರ್ಡ್ ಲಾನಾರ್ಕ್‌ನವರದ್ದು. ಮೊದಲರ್ಧದಲ್ಲಿ ರೇಂಜರ್ಸ್ 2-0 ಮುಂದೆ. ಆಮೇಲೆ ಡಂಬಾರ್ಟನ್ ಎರಡೂ ಗೋಲು ತೀರಿಸಿತು. 2-2. ಅಲ್ಲಿಗೆ ಇಬ್ಬರೂ ಚಾಂಪಿಯನ್ ಅಂತ ಘೋಷಣೆ ಮಾಡಿದರು. ಇವತ್ತಿಗೂ ಆ ವರ್ಷದ ಎದುರು ಎರಡೂ ಹೆಸರು ಇದೆ. ಹೊಳೆಯಾಚೆಯವರಿಗೆ ಧೈರ್ಯವಾಗಿ ಹೇಳಿ.

ಭದ್ರಾ ಬಲದಂಡೆ:

ಸಾರ್, ವಿವರ ಚೆನ್ನಾಗಿದೆ. ಆದರೆ ನನಗೆ ಒಂದು ಮಾತು ಹೇಳಲೇಬೇಕು. ಆ ವರ್ಷ ಡಂಬಾರ್ಟನ್ ಹೊಡೆದದ್ದು 61 ಗೋಲು, ಬಿಟ್ಟುಕೊಟ್ಟದ್ದು 21. ರೇಂಜರ್ಸ್ ಹೊಡೆದದ್ದು 58, ಬಿಟ್ಟದ್ದು 25. ಇವತ್ತಿನ ಲೆಕ್ಕದಲ್ಲಿ ಗೋಲು ವ್ಯತ್ಯಾಸ 40 ಮತ್ತು 33. ಆಗಿನ ಇಂಗ್ಲೆಂಡಿನ ಲೆಕ್ಕ ಹಿಡಿದು ಹೊಡೆದ ಗೋಲನ್ನು ಬಿಟ್ಟ ಗೋಲಿನಿಂದ ಭಾಗಿಸಿದರೂ ಡಂಬಾರ್ಟನ್ 2.90, ರೇಂಜರ್ಸ್ 2.32. ಹೇಗೆ ನೋಡಿದರೂ ಡಂಬಾರ್ಟನ್ ಮುಂದೆ. ಅವರ ಜ್ಯಾಕ್ ಬೆಲ್ ಒಬ್ಬನೇ ಲೀಗ್‌ನಲ್ಲಿ 20 ಗೋಲು ಹೊಡೆದ, ಅಷ್ಟು ಗೋಲು ಬೇರೆ ಯಾರದ್ದೂ ಇಲ್ಲ. ಇಷ್ಟೆಲ್ಲ ಕಣ್ಣಿಗೆ ಕಾಣುವಾಗ ಹಂಚಿದ್ದು ನ್ಯಾಯವಾ? ನನಗಂತೂ ಆ ಊರಿನವರಿಗೆ ಅರ್ಧ ಕೈ ತಪ್ಪಿಸಿದ ಹಾಗೆ ಕಾಣುತ್ತದೆ.

ಗದ್ದೆಬಯಲು ಅವರೇ, ನಿಮ್ಮಲ್ಲಿ ಗೋಲು ವ್ಯತ್ಯಾಸ ಎಷ್ಟಿದೆ? ಅದನ್ನು ನೋಡಿ ಮುಗಿಸಿಬಿಡಿ.

ಗದ್ದೆಬಯಲು:

ನಮ್ಮದು 11, ಅವರದ್ದು 9. ಅದಕ್ಕೇ ನಾನು ಆ ಮಾತು ಎತ್ತಿಲ್ಲ. ನಮಗೆ ಲಾಭ ಇದೆ ಅಂತ ಈಗ ಹೇಳಿದರೆ ಅವರು ಮುಂದಿನ ವರ್ಷ ಬರೋದೇ ಇಲ್ಲ.

ಹಳೇ ಸ್ಕೋರ್‌ಬುಕ್:

ನೀವು ಮಾಡಿದ್ದೇ ಸರಿ. ಬಲದಂಡೆಯವರೇ, ಲೆಕ್ಕ ನೀವು ಹೇಳಿದ ಹಾಗೇ ಇದೆ, ಅದರಲ್ಲಿ ತಪ್ಪಿಲ್ಲ. ಡಂಬಾರ್ಟನ್ ಚೆನ್ನಾಗಿ ಆಡಿತ್ತು ಅಂತ ನಾನೂ ಒಪ್ಪುತ್ತೇನೆ. ಆದರೆ ಕೊನೇ ವಾರದಲ್ಲಿ 4-0 ಮುಂದಿರುವ ತಂಡ ಐದನೇ ಗೋಲಿಗೆ ಓಡಬೇಕಾ, ಸುಸ್ತಾದ ಹುಡುಗನನ್ನು ನಿಧಾನಕ್ಕೆ ಆಡಿಸಬೇಕಾ ಅನ್ನೋದು ನಿಯಮ ಗೊತ್ತಿದ್ದರೆ ತಾನೇ ತೀರ್ಮಾನ ಆಗೋದು? ಗೋಲು ಲೆಕ್ಕಕ್ಕೆ ಬರುತ್ತದೆ ಅಂತ ಮೊದಲೇ ಹೇಳಿದ್ದರೆ ರೇಂಜರ್ಸ್ ಕೂಡ ಬೇರೆ ಥರ ಆಡುತ್ತಿತ್ತು. ಆಟ ಮುಗಿದ ಮೇಲೆ ಅಳತೆಗೋಲು ತರಬಾರದು. ಹೆಚ್ಚುವರಿ ಪಂದ್ಯ ಇಬ್ಬರಿಗೂ ಒಂದೇ ಥರದ ಅವಕಾಶ. ಅದೂ ಸಮ ಆಯಿತು. ಮುಂದಿನ ವರ್ಷ 1891-92ರಲ್ಲಿ ಡಂಬಾರ್ಟನ್ ಒಬ್ಬರೇ ಗೆದ್ದರು, 37 ಪಾಯಿಂಟ್, ಎರಡನೇ ಸ್ಥಾನದ ಸೆಲ್ಟಿಕ್‌ಗೆ 35. ಆ ವರ್ಷ ಯಾರ ಜೊತೆಯೂ ಹಂಚಿಕೊಳ್ಳುವ ಪ್ರಶ್ನೆ ಬರಲಿಲ್ಲ.

ಮಂಜಿಷ್ಠ:

ನಾನು ಸಾಗರದವಳು. ಬಟ್ಟೆ, ಬಣ್ಣದ ಕೆಲಸ ನನ್ನದು. ಫುಟ್‌ಬಾಲ್ ಅಷ್ಟಾಗಿ ಗೊತ್ತಿಲ್ಲದಿದ್ದರೂ ವೇಲ್ ಆಫ್ ಲೆವೆನ್, ರೆಂಟನ್ ಅನ್ನುವ ಹೆಸರು ನೋಡಿ ಸುಮ್ನೆ ಹೋಗಲು ಆಗಲಿಲ್ಲ. ಈ ಊರುಗಳ ಹೆಸರು ನನಗೆ ಗೊತ್ತಿರೋದು ಕೆಂಪು ಬಟ್ಟೆಯಿಂದ!

ಲೆವೆನ್ ಅನ್ನೋದು ಒಂದು ಹೊಳೆ. ಲಾಖ್ ಲೋಮಂಡ್ ಸರೋವರದಿಂದ ಹೊರಟು ಡಂಬಾರ್ಟನ್ ಹತ್ತಿರ ಕ್ಲೈಡ್ ನದಿ ಸೇರುತ್ತದೆ. ಉದ್ದ ಸುಮಾರು 10 ಕಿ.ಮೀ., ಶಿವಮೊಗ್ಗದಿಂದ ಕೂಡ್ಲಿಗೆ ಹೋಗುವಷ್ಟೂ ಇಲ್ಲ. ಆ ಹೊಳೆಯ ನೀರು ಬಟ್ಟೆ ತೊಳೆಯೋಕೆ, ಬಣ್ಣ ಹಾಕೋಕೆ ಬಹಳ ಒಳ್ಳೆಯದು. ಅದಕ್ಕೇ ದಂಡೆಯುದ್ದಕ್ಕೂ ಬಣ್ಣದ ಕಾರ್ಖಾನೆಗಳು ಬಂದವು. ಟರ್ಕಿ ರೆಡ್ ಅಂತ ಒಂದು ಗಟ್ಟಿ ಕೆಂಪು ಬಣ್ಣ ಇದೆ. ಎಷ್ಟು ಒಗೆದರೂ ಬಿಡದ ಬಣ್ಣ. ಮೊದಲು ಮಂಜಿಷ್ಠದ ಜಾತಿಯ ಬೇರಿನಿಂದ ತೆಗೆಯುತ್ತಿದ್ದರು, ಆಮೇಲೆ ರಾಸಾಯನಿಕ ಬಣ್ಣ ಬಂತು. ಆ ಕೆಂಪು ಬಟ್ಟೆಯ ದೊಡ್ಡ ಮಾರುಕಟ್ಟೆ ಯಾವುದು ಗೊತ್ತಾ? ನಮ್ಮ ಭಾರತ. ನವಿಲು, ಬಳ್ಳಿ, ಮಾವಿನಕಾಯಿ ಚಿತ್ತಾರ ಅಚ್ಚು ಹಾಕಿ ಹಡಗಿನಲ್ಲಿ ಕಳಿಸುತ್ತಿದ್ದರು. ಇಲ್ಲಿ ಯಾರೋ ಅಜ್ಜಿ ಉಟ್ಟ ಬಟ್ಟೆಗೆ ಅಲ್ಲಿ ಬಣ್ಣ ಹಾಕಿದ ಊರಿನ ಹುಡುಗರೇ ಶನಿವಾರ ಮಧ್ಯಾಹ್ನ ಕೆಲಸ ಬಿಟ್ಟ ಮೇಲೆ ಫುಟ್‌ಬಾಲ್ ಆಡಿದ್ದು ಅಂತ ನೆನೆಸಿಕೊಂಡರೆ ನನಗೆ ಮೈ ಜುಮ್ ಅನ್ನುತ್ತದೆ.

ಸ್ಕೋರ್‌ಬುಕ್ ಸಾರ್, ರೆಂಟನ್‌ನವರನ್ನು ಯಾಕೆ ಹೊರಗೆ ಹಾಕಿದರು? ಆ ಪುಟ್ಟ ಊರಿನವರು ಏನು ತಪ್ಪು ಮಾಡಿದ್ದರು?

ಹಳೇ ಸ್ಕೋರ್‌ಬುಕ್:

ಅಕ್ಕ, ಬಹಳ ಒಳ್ಳೆ ವಿಷಯ ಹೇಳಿದಿರಿ. ಇಷ್ಟು ವರ್ಷ ಓದಿದರೂ ಆ ಬಟ್ಟೆಗೂ ನಮಗೂ ಇಷ್ಟು ಹತ್ತಿರದ ನಂಟು ಅಂತ ಯೋಚಿಸಿರಲಿಲ್ಲ.

ನೀವು ಹೇಳಿದ ಆ 10 ಕಿ.ಮೀ. ಹೊಳೆಯ ದಂಡೆಯಿಂದ ಮೂರು ತಂಡ ಮೊದಲ ಲೀಗ್‌ನಲ್ಲಿ ಇದ್ದವು. ಮೂರೂ ಅದಾಗಲೇ ಸ್ಕಾಟಿಷ್ ಕಪ್ ಗೆದ್ದವು. ವೇಲ್ ಆಫ್ ಲೆವೆನ್ 1877, 78, 79 ಸತತ ಮೂರು ಸಲ. ಡಂಬಾರ್ಟನ್ 1883. ರೆಂಟನ್ 1885 ಮತ್ತು 1888. ಆ 1888ರಲ್ಲೇ ರೆಂಟನ್ ಇಂಗ್ಲೆಂಡಿನ ಕಪ್ ಗೆದ್ದ ವೆಸ್ಟ್ ಬ್ರಾಮ್‌ವಿಚ್ ತಂಡವನ್ನೂ 4-1 ಸೋಲಿಸಿತು. ಆಮೇಲೆ ತಮ್ಮನ್ನು ಪ್ರಪಂಚದ ಚಾಂಪಿಯನ್ ಅಂತಲೇ ಕರೆದುಕೊಂಡರು. ಒಂದು ಹಳ್ಳಿ ಅದು, ಮಾರಾಯ್ರೆ! ದೊಡ್ಡ ಊರಿನ ಯಾವ ತಂಡಕ್ಕೂ ಆಗ ಹಾಗೆ ಹೇಳಿಕೊಳ್ಳಲು ಆಗುತ್ತಿರಲಿಲ್ಲ.

ಹೊರಗೆ ಹಾಕಿದ ಕಥೆ ಹೀಗೆ. ಆಗ ಸ್ಕಾಟ್ಲೆಂಡಿನಲ್ಲಿ ಆಟಗಾರರಿಗೆ ಸಂಬಳ ಕೊಡಬಾರದು. ಇಂಗ್ಲೆಂಡ್ 1885ರಲ್ಲೇ ಒಪ್ಪಿತ್ತು, ಸ್ಕಾಟ್ಲೆಂಡ್ ಒಪ್ಪಿದ್ದು 1893ರಲ್ಲಿ. ಮಧ್ಯದ ಎಂಟು ವರ್ಷ ಕದ್ದುಮುಚ್ಚಿ ಕೊಡೋದು ನಡೆದೇ ಇತ್ತು. ಎಡಿನ್‌ಬರೋದ ಸೇಂಟ್ ಬರ್ನಾರ್ಡ್ಸ್ ತಂಡವನ್ನು ಇದೇ ಕಾರಣಕ್ಕೆ ಅಮಾನತು ಮಾಡಿದ್ದರು. ಅವರು ಎಡಿನ್‌ಬರೋ ಸೇಂಟ್ಸ್ ಅಂತ ಹೆಸರು ಬದಲಿಸಿಕೊಂಡು ಬಂದರು, ರೆಂಟನ್ ಅವರ ಜೊತೆ ಒಂದು ಪಂದ್ಯ ಆಡಿತು. ಅಷ್ಟಕ್ಕೇ ಶಿಕ್ಷೆ. ನನಗೆ ಸಂಕಟ ಆಗೋದು ಏನು ಅಂದರೆ, 1890ರಲ್ಲಿ ಲೀಗ್ ಮಾಡೋಣ ಬನ್ನಿ ಅಂತ ಬೇರೆ ಕ್ಲಬ್ಬುಗಳಿಗೆ ಕಾಗದ ಬರೆದು ಮೊದಲ ಹೆಜ್ಜೆ ಇಟ್ಟವರೇ ರೆಂಟನ್‌ನವರು. ಚಪ್ಪರ ಹಾಕಿದವರಿಗೇ ಊಟದ ಎಲೆ ಸಿಗಲಿಲ್ಲ. ಮುಂದಿನ ವರ್ಷ ವಾಪಸ್ ಬಂದರು. ಆದರೆ 1897ರಲ್ಲಿ ಲೀಗನ್ನು ಪೂರ್ತಿ ಬಿಟ್ಟರು.

ಸಂಬಳ ಇಲ್ಲದೆ ಆಡಬೇಕು ಅಂತ ಮನಸಾರೆ ನಂಬಿದವರೂ ಇದ್ದರು. 1867ರಲ್ಲಿ ಹುಟ್ಟಿದ ಕ್ವೀನ್ಸ್ ಪಾರ್ಕ್ ಅಲ್ಲಿನ ಎಲ್ಲ ಕ್ಲಬ್ಬಿಗೂ ದೊಡ್ಡಣ್ಣ. 1872ರಲ್ಲಿ ಇಂಗ್ಲೆಂಡ್ ಜೊತೆ 0-0 ಆದ ಮೊದಲ ಅಂತಾರಾಷ್ಟ್ರೀಯ ಪಂದ್ಯದಲ್ಲಿ ಸ್ಕಾಟ್ಲೆಂಡಿನ ಹನ್ನೊಂದು ಜನವೂ ಅವರ ಹುಡುಗರೇ. ಲೀಗ್ ಬಂದರೆ ದುಡ್ಡು ಹಿಂದೆಯೇ ಬರುತ್ತದೆ ಅಂತ ಅವರು ಸೇರಲೇ ಇಲ್ಲ. ಸೇರಿದ್ದು 1900ರಲ್ಲಿ.

ಭದ್ರಾ ಬಲದಂಡೆ:

ದುಡ್ಡು ಬಂದ ಮೇಲೆ ಈ ಹೊಳೆದಂಡೆ ಊರುಗಳ ಗತಿ ಏನಾಯ್ತು ಅಂತಲೂ ಹೇಳಬೇಕು ಸಾರ್. ಡಂಬಾರ್ಟನ್ 1896-97ರ ಹೊತ್ತಿಗೆ ಎರಡನೇ ಡಿವಿಷನ್ನಿನಿಂದಲೂ ಹೊರಗೆ. ವೇಲ್ ಆಫ್ ಲೆವೆನ್ ಅಂತೂ 1891-92ರಲ್ಲಿ 22 ಪಂದ್ಯ ಆಡಿ ಒಂದೂ ಗೆಲ್ಲಲಿಲ್ಲ, 5 ಡ್ರಾ, 5 ಪಾಯಿಂಟ್, ಆಮೇಲೆ ಲೀಗ್ ಬಿಟ್ಟರು. ಗ್ಲಾಸ್ಗೋದಲ್ಲಿ ಜನ ಜಾಸ್ತಿ, ಗೇಟ್ ದುಡ್ಡು ಜಾಸ್ತಿ. ಸಂಬಳ ಅಂತ ಆದ ಮೇಲೆ ಪುಟ್ಟ ಊರು ಎಲ್ಲಿಂದ ತರಬೇಕು? ಜ್ಯಾಕ್ ಬೆಲ್ ಕೂಡ ಇಂಗ್ಲೆಂಡಿನ ಎವರ್ಟನ್‌ಗೆ ಹೋದ.

ಇದು ನನಗೆ ಓದಿದ ಕಥೆ ಮಾತ್ರ ಅಲ್ಲ. ನಾನು ಭದ್ರಾವತಿಯಲ್ಲಿ ಬೆಳೆದವನು. ಕಾರ್ಖಾನೆ ಶಿಫ್ಟ್ ಮುಗಿಸಿ ಬಂದ ಅಣ್ಣಂದಿರು ಬೂಟು ಕಟ್ಟಿಕೊಂಡು ಮೈದಾನಕ್ಕೆ ಇಳಿಯೋದನ್ನು ನೋಡಿಯೇ ನಾನು ಆಟ ಕಲಿತದ್ದು. ಚೆನ್ನಾಗಿ ಆಡುವವನು ಕಂಡರೆ ಎರಡು ವರ್ಷದಲ್ಲಿ ಬೆಂಗಳೂರಿಗೆ ಹೋಗಿರುತ್ತಿದ್ದ, ಕೆಲಸ ಸಿಕ್ಕಿತು ಅಂತ ಸಂತೋಷ, ತಂಡ ಖಾಲಿ ಆಯಿತು ಅಂತ ದುಃಖ, ಎರಡೂ ಒಟ್ಟಿಗೆ. ಅದಕ್ಕೇ ಡಂಬಾರ್ಟನ್ ಅಂದರೆ ನನಗೆ ಪಕ್ಷಪಾತ. ಹಡಗು ಕಟ್ಟುವ ಊರು ಅದು. ಕಟಿ ಸಾರ್ಕ್ ಅನ್ನುವ ಹೆಸರಾಂತ ಹಾಯಿಹಡಗು 1869ರಲ್ಲಿ ನೀರಿಗೆ ಇಳಿದದ್ದು ಅಲ್ಲೇ. ಊರಿನ ಮೇಲೆ ಒಂದು ದೊಡ್ಡ ಬಂಡೆ ಇದೆ, ಅದರ ಮೇಲೆ ಕೋಟೆ. ಅದಕ್ಕೇ ತಂಡದವರನ್ನು ಬಂಡೆಯ ಮಕ್ಕಳು ಅಂತ ಕರೆಯುತ್ತಾರೆ. ರೇಂಜರ್ಸ್ ಆಮೇಲೆ ಎಷ್ಟು ಲೀಗ್ ಗೆದ್ದಿದೆ ಅಂತ ಎಲ್ಲರಿಗೂ ಗೊತ್ತು. ಡಂಬಾರ್ಟನ್‌ಗೆ ಇರೋದು ಆ ಎರಡೇ, ಅದರಲ್ಲಿ ಒಂದು ಹಂಚಿಕೊಂಡದ್ದು.

ಗದ್ದೆಬಯಲು:

ಅಣ್ಣ, ನೀವು ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಅಡಿಕೆ ಸುಲಿಯುವ ಜಗಲಿಯಲ್ಲಿ ಎಂಟು ಜನ ಕೂತು ಕೇಳಿದರು. ಒಂದು ಪ್ರಶ್ನೆ ಬಂತು. ಆಗ ಅವರೂ ಪೆನಾಲ್ಟಿ ಹೊಡೆಸಿ ಮುಗಿಸಬಹುದಿತ್ತಲ್ಲ?

ಹಳೇ ಸ್ಕೋರ್‌ಬುಕ್:

ಪೆನಾಲ್ಟಿ ಅನ್ನೋದೇ ಆಗ ಇರಲಿಲ್ಲ! ಐರ್ಲೆಂಡಿನ ಮಿಲ್‌ಫೋರ್ಡ್ ಅನ್ನುವ ಹಳ್ಳಿಯ ಗೋಲ್‌ಕೀಪರ್ ವಿಲಿಯಂ ಮೆಕ್‌ಕ್ರಮ್ ಕೊಟ್ಟ ಸಲಹೆ ಅದು. ನಿಯಮ ಮಾಡುವ ಮಂಡಳಿ ಅದನ್ನು ಒಪ್ಪಿದ್ದು 1891ರ ಜೂನ್ 2ಕ್ಕೆ, ಗ್ಲಾಸ್ಗೋದಲ್ಲೇ. ಲೆಕ್ಕ ಹಾಕಿ, ಆ 2-2 ಪಂದ್ಯ ಆಗಿ ಬರೀ 12 ದಿನ. ಅದೂ ತಪ್ಪಿಗೆ ಶಿಕ್ಷೆಯಾಗಿ ಒಂದು ಹೊಡೆತ, ಅಷ್ಟೇ. ಸಮ ಆದಾಗ ಐದೈದು ಹೊಡೆಸಿ ತೀರ್ಮಾನ ಮಾಡುವ ಪದ್ಧತಿ ನಿಯಮಕ್ಕೆ ಬಂದದ್ದು 1970ರಲ್ಲಿ.

ನಾನು ಮೇಲೆ ಬರೆದ ಮೈದಾನದ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಜನ ತಪ್ಪು ತಿಳಿಯಬಾರದು. ಈಗ ಗ್ಲಾಸ್ಗೋದಲ್ಲಿ ಕ್ಯಾಥ್‌ಕಿನ್ ಪಾರ್ಕ್ ಅಂತ ಹೋದರೆ ಮರಗಳ ನಡುವೆ ಹಳೇ ಮೆಟ್ಟಿಲು ಕಾಣುತ್ತದೆ. ಅದು ಆ 2-2 ಪಂದ್ಯದ ಜಾಗ ಅಲ್ಲ. ಆ ಜಾಗ 1891ರಲ್ಲಿ ಕ್ವೀನ್ಸ್ ಪಾರ್ಕ್‌ನವರ ಎರಡನೇ ಹ್ಯಾಂಪ್ಡನ್ ಅನ್ನುವ ಮೈದಾನ ಆಗಿತ್ತು. ಥರ್ಡ್ ಲಾನಾರ್ಕ್ ಅಲ್ಲಿಗೆ ಬಂದದ್ದು 1903ರಲ್ಲಿ, ಬರುವಾಗ ಹಳೇ ಹೆಸರನ್ನೂ ತಂದರು. ಆದರೂ ಅಲ್ಲಿ ನಿಂತರೆ ಡಂಬಾರ್ಟನ್ ನೆನಪಾಗಲೇಬೇಕು. 1891ರ ಫೆಬ್ರವರಿ 7ಕ್ಕೆ ಕಪ್ ಫೈನಲ್‌ನಲ್ಲಿ ಹಾರ್ಟ್ಸ್ ಎದುರು ಅವರು 1-0 ಸೋತದ್ದು ಆ ನೆಲದಲ್ಲೇ. ಮೂರೂವರೆ ತಿಂಗಳಲ್ಲಿ ಒಂದು ಫೈನಲ್ ಸೋಲು, ಇನ್ನೊಂದು ಕಡೆ 2-0 ಹಿಂದೆ. ಅಲ್ಲಿಂದ ಎದ್ದು ಬಂದು ಸಮ ಮಾಡಿದ ಹುಡುಗರು ಅವರು.

ಗದ್ದೆಬಯಲು:

ಭಾನುವಾರ ಕೂತಿದ್ದೆವು. ತಡವಾಗಿ ಬರೆಯುತ್ತಿದ್ದೇನೆ, ಎರಡು ದಿನ ಮಳೆಗೆ ಕರೆಂಟ್ ಇರಲಿಲ್ಲ.

ಮೊದಲು ಹೊಳೆಯಾಚೆಯವರು ಟಾಸ್ ಅಂತಲೇ ಹಟ ಹಿಡಿದರು. ನಾನು ಡಂಬಾರ್ಟನ್, ರೇಂಜರ್ಸ್ ಕಥೆ ಹೇಳಿದೆ. ಅವರ ಕ್ಯಾಪ್ಟನ್ ಸುಮ್ಮನೆ ಕೇಳಿದ. ಆಮೇಲೆ ಅವನೇ ಕೇಳಿದ, ನಿಮ್ಮ ಗೋಲು ವ್ಯತ್ಯಾಸ ಜಾಸ್ತಿ ಇದ್ದರೂ ನೀವು ಯಾಕೆ ಆ ಮಾತು ತೆಗೆಯಲಿಲ್ಲ ಅಂತ. ಸ್ಕೋರ್‌ಬುಕ್ ಸಾರ್ ಹೇಳಿದ್ದನ್ನೇ ಹೇಳಿದೆ, ಆಟ ಮುಗಿದ ಮೇಲೆ ಅಳತೆಗೋಲು ತರಬಾರದು ಅಂತ. ಅವನು ಅವರ ಹಿರಿಯರ ಮುಖ ನೋಡಿದ. ಅವರು ಹಂಚಿಕೊಳ್ಳೋಣ ಅಂದರು. ಕಪ್ ದೀಪಾವಳಿವರೆಗೆ ಅವರ ಊರಲ್ಲಿ, ಆಮೇಲೆ ನಮ್ಮೂರಲ್ಲಿ. ಬಹುಮಾನದ ದುಡ್ಡು ಅರ್ಧ ಅರ್ಧ. ಕಪ್ ಮೇಲೆ ಎರಡೂ ಊರಿನ ಹೆಸರು ಕೆತ್ತಿಸುತ್ತೇವೆ, ತೀರ್ಥಹಳ್ಳಿಯಲ್ಲಿ ಕೊಟ್ಟು ಬಂದಾಗಿದೆ.

ಮುಂದಿನ ವರ್ಷದ ಕರಪತ್ರಕ್ಕೆ ಒಂದು ನಿಯಮ ಬೇಕು. ಎಲ್ಲರಿಗೂ ಅರ್ಥ ಆಗುವ ಹಾಗೆ ಯಾರಾದರೂ ಬರೆದುಕೊಡುತ್ತೀರಾ?

ಭದ್ರಾ ಬಲದಂಡೆ:

ಕೆತ್ತಿಸಿದ ಮೇಲೆ ಫೋಟೋ ಹಾಕಿ. ನಿಯಮ ಹೀಗೆ ಬರೆಯಿರಿ: "ಪಾಯಿಂಟ್ ಸಮ ಆದರೆ ಗೋಲು ವ್ಯತ್ಯಾಸ ನೋಡಲಾಗುವುದು. ಅದೂ ಸಮ ಆದರೆ ಹೆಚ್ಚು ಗೋಲು ಹೊಡೆದ ತಂಡಕ್ಕೆ ಕಪ್. ಅದೂ ಸಮ ಆದರೆ ಎರಡೂ ತಂಡ ಚಾಂಪಿಯನ್." ಕೊನೆಯ ಸಾಲನ್ನು ಮಾತ್ರ ದಯವಿಟ್ಟು ತೆಗೆಯಬೇಡಿ.

ಹಳೇ ಸ್ಕೋರ್‌ಬುಕ್:

ಹೊರಗಿನ ಊರಿನ ಆಟಗಾರನ ಬಗ್ಗೆಯೂ ಒಂದು ಸಾಲು ಸೇರಿಸಿ. ಆ ಮೊದಲ ವರ್ಷ ಸರಿಯಾಗಿ ನೋಂದಣಿ ಆಗದವರನ್ನು ಆಡಿಸಿದ್ದಕ್ಕೆ ಸೆಲ್ಟಿಕ್, ಥರ್ಡ್ ಲಾನಾರ್ಕ್, ಕೌಲೇರ್ಸ್ ಮೂವರಿಗೂ 4-4 ಪಾಯಿಂಟ್ ಕಡಿತ ಆಗಿತ್ತು. ಕೌಲೇರ್ಸ್ ಕೊನೇ ಸ್ಥಾನಕ್ಕೆ ಬಿದ್ದು ಲೀಗ್‌ನಿಂದಲೇ ಹೊರಗೆ ಹೋಯಿತು. ಫೆಬ್ರವರಿ ಒಂದನೇ ತಾರೀಖಿನೊಳಗೆ ಪ್ರತಿ ತಂಡ 18 ಹೆಸರು ಬರೆದು ಕೊಡಲಿ. ಮೊದಲ ಪಂದ್ಯ ಯಾವತ್ತು ಅಂತ ತಿಳಿಸಿ, ಶಿವಮೊಗ್ಗದಿಂದ ಬೆಳಗಿನ ಬಸ್ಸಿಗೆ ಬರುತ್ತೇನೆ.